ಗುಂಡಿರಾಯರ ಬೆಲೆ ಏರಿದ್ದು

ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡಲು ಒಂದು ಕಾಯ್ದೆ ತರಬೇಕೇ ಬೇಡವೇ ಎಂದು ಸರ್ಕಾರ ಯೋಚಿಸುತ್ತಿತ್ತು. ಯೋಚಿಸುವಾಗ ಅವಸರ ಮಾಡುವ ಕೆಟ್ಟ ಅಭ್ಯಾಸ ಸರ್ಕಾರಕ್ಕೆ ಇರಲಿಲ್ಲ. ಒಬ್ಬ ಮಂತ್ರಿಗಳು ಯೋಚಿಸಿ ಯೋಚಿಸಿ ನಿವೃತ್ತರಾದರು. ಇನ್ನೊಬ್ಬರು ಯೋಚಿಸುತ್ತಿರುವಾಗಲೇ ಅವರ ಖಾತೆ ಬದಲಾಯಿತು. ಮೂರನೆಯವರು ಬಂದು, "ಕಾಯ್ದೆಯೇನೋ ಸರಿ, ಖರ್ಚೆಷ್ಟು?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವಾದ್ದರಿಂದ ಇಡೀ ಸಚಿವಾಲಯ ಬೆಚ್ಚಿಬಿದ್ದು ಒಂದು ಸಮಿತಿ ಮಾಡಿತು.

ಇದಕ್ಕೂ ಗುಂಡಿರಾಯರಿಗೂ ಯಾವ ಸಂಬಂಧವೂ ಇರಲಿಲ್ಲ. ರಾಯರದು ಅಂಗಿಯ ಗುಂಡಿ, ಹುಕ್ಕು, ಜಿಪ್ಪು, ದಾರ ಮಾರುವ ಅಂಗಡಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಈಗ ರಾಯರೇ ಜ್ಞಾಪಿಸಿಕೊಂಡು ಹೇಳಬೇಕಾಗುತ್ತಿತ್ತು. ಹೊಸಬರು ಕೆಲವರು ಹೆಸರು ಕೇಳಿ, ಬಾವಿ ತೋಡಿಸಲು ಎಷ್ಟಾಗುತ್ತದೆಂದು ವಿಚಾರಿಸುವುದೂ ಉಂಟು. ಅವರಿಗೂ ರಾಯರು ಒಂದೆರಡು ಗುಂಡಿ ಮಾರಿಯೇ ಕಳಿಸುತ್ತಿದ್ದರು.

ಅಂಗಡಿಯ ಬೋರ್ಡು ಇರುವುದಕ್ಕಿಂತ ಒಂದು ಮೊಳ ಉದ್ದವಿದೆಯೆಂದು ಯಾರೋ ಬರೆದುಕೊಂಡು ಹೋಗಿ ತೆರಿಗೆ ಹಾಕಿದ್ದರು. ಅದನ್ನು ಸರಿಪಡಿಸಿಕೊಳ್ಳಲು ರಾಯರು ಆ ದೊಡ್ಡ ಸರ್ಕಾರಿ ಕಟ್ಟಡಕ್ಕೆ ಹೋದರು. ಲಿಫ್ಟು ರಾಯರನ್ನು ಅವರಿಗೆ ಬೇಕಾದ ಮಹಡಿಗೆ ಒಯ್ಯದೆ ತನಗೆ ಬೇಕಾದ ಮಹಡಿಗೆ ಒಯ್ದಿತು. ಅಲ್ಲಿನ ಬೆಂಚಿನ ಮೇಲೆ ನಾಲ್ಕಾರು ಜನ ಕೂತಿದ್ದರು. ರಾಯರೂ ಕೂತರು.

ಸ್ವಲ್ಪ ಹೊತ್ತಿಗೆ ಜವಾನ ಬಾಗಿಲು ತೆರೆದು, "ಇಲ್ಲಿ ಸಾಮಾನ್ಯ ಪ್ರಜೆ ಯಾರ್ರೀ?" ಎಂದು ಕೂಗಿದ.

ಬೆಂಚಿನ ಮೇಲಿದ್ದವರೆಲ್ಲ ಪಕ್ಕದವರನ್ನು ನೋಡಿದರು. ಸಮಿತಿ ಕರೆಸಿದ್ದ ಅಸಲಿ ಸಾಮಾನ್ಯ ಪ್ರಜೆಯೂ ಅಲ್ಲೇ ಇದ್ದಿರಬೇಕು. ಆದರೆ ಎಲ್ಲರೆದುರು ಒಪ್ಪಿಕೊಳ್ಳಲು ಆತನಿಗೂ ನಾಚಿಕೆಯಾಯಿತೆಂದು ಕಾಣುತ್ತದೆ. ರಾಯರಿಗೆ ಮಾತ್ರ ಕಾದು ಕಾದು ಸಾಕಾಗಿತ್ತು. ಯಾವ ಹೆಸರಿನಲ್ಲಿ ಕರೆದರೂ ಒಳಗೆ ಬಿಟ್ಟರೆ ಸಾಕು ಎಂದು ಎದ್ದರು.

ಒಳಗೆ ಸಮಿತಿಯ ಅಧ್ಯಕ್ಷೆ ಮತ್ತು ಒಬ್ಬ ಲೆಕ್ಕತಜ್ಞ ಕೂತಿದ್ದರು. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿ, "ನೀವು ಸಾಮಾನ್ಯ ಪ್ರಜೆ ತಾನೆ?" ಎಂದರು.

"ಬೋರ್ಡಿನ ವಿಷಯದಲ್ಲಿ ಹೌದು, ಮೇಡಂ."

ಲೆಕ್ಕತಜ್ಞ ಪೆನ್ನು ತೆರೆದ. "ವಿಮಾನದಲ್ಲಿ ಓಡಾಡ್ತೀರಾ?"

"ಮೇಲೆ ಹೋದಾಗ ನೋಡ್ತೀನಿ."

"ಕಾರಿದೆಯಾ?"

"ಅಂಗಡಿ ಮುಂದೆ ಯಾವಾಗ್ಲೂ ಒಂದಿರುತ್ತೆ. ನಿಲ್ಲಿಸಬೇಡಿ ಅಂದ್ರೂ ಕೇಳಲ್ಲ."

"ಕಾಯಿಲೆ?"

"ಬಲಗಿವಿ ಸ್ವಲ್ಪ ಮಂದ. ಮನೆಯವಳು ಎಡಗಡೆ ಕೂತಾಗ ತೊಂದರೆಯಾಗುತ್ತೆ."

"ಫೋನಲ್ಲಿ ಸಾಮಾನ್ಯವಾಗಿ ಏನು ಹುಡುಕ್ತೀರಿ?"

"ಕನ್ನಡಕ. ಅದರ ಬೆಳಕಲ್ಲಿ ಬೇಗ ಸಿಗುತ್ತೆ."

ಲೆಕ್ಕತಜ್ಞ ಕೂಡಿದ, ಕಳೆದ, ಏನನ್ನೋ ಭಾಗಿಸಿದ. ಕೊನೆಗೆ ಕಾಗದವನ್ನು ರಾಯರ ಕಡೆಗೆ ತಿರುಗಿಸಿ, "ನಿಮ್ಮ ಮಾಹಿತೀನ ಯಾರಾದ್ರೂ ಮಾರಿದ್ರೆ ಮಾರ್ಕೆಟ್ಟಲ್ಲಿ ಇಷ್ಟು ಸಿಗುತ್ತೆ" ಎಂದ.

ರಾಯರು ನೋಡಿದರು. ಅವರ ಅಂಗಡಿಯಲ್ಲಿ ಆ ಮೊತ್ತಕ್ಕೆ ಅರ್ಧ ಡಜನ್ ಬಿಳಿ ಗುಂಡಿ ಬರುತ್ತಿತ್ತು. ಹೊಲಿಯಲು ದಾರ ಬೇಕೆಂದರೆ ಕೈಯಿಂದ ಹಾಕಬೇಕು.

"ತಿಂಗಳಿಗಾ?" ಎಂದು ಕೇಳಿದರು.

"ಜೀವಮಾನಕ್ಕೆ. ಅದನ್ನ ಕಾಪಾಡೋಕೆ ಇದರ ನೂರು ಪಟ್ಟು ಖರ್ಚು. ಮೇಡಂ, ಇವರನ್ನ ಕಾಪಾಡೋದಕ್ಕಿಂತ ಕಳ್ಳರಿಗೆ ಬಿಟ್ಟುಬಿಡೋದೇ ಅಗ್ಗ." ಲೆಕ್ಕತಜ್ಞ ಇದನ್ನು ಯಾವ ದ್ವೇಷವೂ ಇಲ್ಲದೆ ಹೇಳಿದ. ರಾಯರ ಮುಖ ನೋಡಿ ಸಮಾಧಾನಕ್ಕೆಂದು ಸೇರಿಸಿದ: "ನಿಮ್ಮ ತಪ್ಪೇನಿಲ್ಲ ಬಿಡಿ. ಕಾರು ಕೊಳ್ಳೋರು, ಬಂಗಲೆ ಹುಡುಕೋರು, ದೊಡ್ಡ ದೊಡ್ಡ ಕಾಯಿಲೆ ಇರೋರು, ಇಂಥವರಿಗೆ ಮಾತ್ರ ಬೆಲೆ."

ರಾಯರು ಬೋರ್ಡಿನ ವಿಷಯವನ್ನೇ ಮರೆತು ಮೆಟ್ಟಿಲಿಳಿದು ಬಂದರು.

ವಿಷಯ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಸಮಿತಿ ಒಂದು ಮಧ್ಯಂತರ ವರದಿ ಕೊಟ್ಟಿತು, ಪತ್ರಿಕೆಗಳು ಅದನ್ನು ಮುಖಪುಟದಲ್ಲಿ ಹಾಕಿದವು. ಮಾಹಿತಿ ರಕ್ಷಣೆಯ ಸಮಿತಿಯಾದ್ದರಿಂದ ವರದಿಯಲ್ಲಿ ರಾಯರ ಹೆಸರು ಬರದಂತೆ ತುಂಬ ಎಚ್ಚರ ವಹಿಸಿದ್ದರು. "ಊರಿನ ಏಕೈಕ ಗುಂಡಿ ಅಂಗಡಿಯ ಮಾಲೀಕರೂ ಬಲಗಿವಿ ಮಂದವಿರುವವರೂ ಬೋರ್ಡಿನ ತೆರಿಗೆಯ ಬಗ್ಗೆ ತಕರಾರುಳ್ಳವರೂ ಆದ ಒಬ್ಬ ಅನಾಮಧೇಯ ಪ್ರಜೆ" ಎಂದಷ್ಟೇ ಬರೆದಿದ್ದರು.

ಬೆಳಗಿನ ಕಾಫಿಯ ಹೊತ್ತಿಗೆ ಅನಾಮಧೇಯ ಪ್ರಜೆಯ ಮನೆಯ ಮುಂದೆ ಜನ ಸೇರಿದರು. ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ವರದಿಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ, "ಬೇಜಾರು ಮಾಡ್ಕೋಬೇಡಿ ರಾಯರೇ. ಮನುಷ್ಯನ ಬೆಲೆ ಮಾರ್ಕೆಟ್ಟಿಂದ ನಿರ್ಧಾರ ಆಗಲ್ಲ" ಎಂದರು. ಆಮೇಲೆ, ತಮ್ಮದು ಎಷ್ಟಾಗಬಹುದೆಂದು ಕೇಳಲು ಸಮಿತಿಯ ವಿಳಾಸ ಬರೆದುಕೊಂಡರು. ಅಂಗಡಿಗೆ ಬಂದ ದರ್ಜಿ ಹೆಂಗಸು ಜಿಪ್ಪಿನ ಬೆಲೆ ಕೇಳಿ, "ನಿಮ್ಮನ್ನೇ ಪೂರ್ತಿ ಕೊಂಡ್ರೂ ಇಷ್ಟಾಗಲ್ವಂತೆ. ಈ ಜಿಪ್ಪಿಗೆ ಯಾಕ್ರೀ ಇಷ್ಟು?" ಎಂದು ಚೌಕಾಸಿ ಮಾಡಿದಳು. ರಾಯರು ಜಿಪ್ಪನ್ನು ಕೇಳಿದ ಬೆಲೆಗೆ ಕೊಟ್ಟರು.

ರಾಯರ ಹೆಂಡತಿ ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಅವರು ಪತ್ರಿಕೆಯಲ್ಲಿದ್ದ ಮೊತ್ತಕ್ಕೆ ಎಷ್ಟು ಗುಂಡಿ ಬರುತ್ತದೆಂದು ರಾಯರನ್ನು ಕೇಳಿ, ಪತ್ರಿಕೆ ಮಡಿಚಿಟ್ಟು, "ಅರ್ಧ ಡಜನ್ನಾ? ಮದುವೆ ಮಾತುಕತೇಲಿ ಯಾರೂ ಈ ವಿಷಯ ಎತ್ತಲೇ ಇಲ್ಲ" ಎಂದರು. ಹಾಗೆಂದು, ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಸಾಡಿದ್ದಕ್ಕೆ ದಿನದ ಬೈಗುಳ ಶುರುಮಾಡಿದರು. ಟವೆಲಿನಿಂದ ಹೊರಟ ಬೈಗುಳ ಹಳೆಯ ಹಲವು ನಿಲ್ದಾಣಗಳಲ್ಲಿ ನಿಂತು ನಿಂತು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಯಿತು.

ಸಂಜೆ ಭಾವಮೈದುನ ಬಂದ. ನೀರು ಶುದ್ಧ ಮಾಡುವ ಯಂತ್ರಗಳನ್ನು ಮನೆಮನೆಗೆ ಮಾರುವುದು ಅವನ ಉದ್ಯೋಗ. ನೀರಿನ ಬಗ್ಗೆ ಬಿಟ್ಟು ಉಳಿದೆಲ್ಲ ಅವನಿಗೆ ತಿಳಿದಿತ್ತು.

"ಭಾವ, ಕೊರಗಬೇಡಿ. ಬೆಲೆ ಅನ್ನೋದು ಏರಿಸಿದ್ರೆ ಏರುತ್ತೆ. ಆ ತಜ್ಞ ದಾರಿ ಹೇಳಿಕೊಟ್ಟಿದ್ದಾನಲ್ಲ! ಕಾರು, ಬಂಗಲೆ, ಕಾಯಿಲೆ. ಫೋನ್ ಕೊಡಿ ಇಲ್ಲಿ."

"ನನ್ನ ಹತ್ರ ಅದ್ಯಾವುದೂ ಇಲ್ವಲ್ಲೋ."

"ಇರಬೇಕು ಅಂತ ಯಾರು ಹೇಳಿದ್ರು? ವಿಚಾರಿಸಿದ್ರೆ ಸಾಕು."

ಇಬ್ಬರೂ ಕೂತು ವಿಚಾರಿಸಿದರು. ಮೊದಲು ಒಂದು ಉದ್ದನೆಯ ಕಾರು ವಿಚಾರಿಸಿದರು. ಈಜುಕೊಳವಿರುವ ಬಂಗಲೆ ವಿಚಾರಿಸಿದರು. ಕಾಯಿಲೆಗೆ ಬಂದಾಗ ರಾಯರು ಸ್ವಲ್ಪ ಅನುಮಾನಿಸಿ, "ಸಣ್ಣದು ಯಾವುದಾದ್ರೂ ಸಾಕಲ್ವಾ?" ಎಂದರು. ಭಾವಮೈದುನ ಒಪ್ಪಲಿಲ್ಲ. "ಹೃದಯ ಹಾಕೋಣ, ಲಿವರ್ ಹಾಕೋಣ, ಕಿಡ್ನಿ ಎರಡೂ ಹಾಕೋಣ. ಒಂದಾದ್ರೂ ಹಿಡಿಯುತ್ತೆ." ನಾಲ್ಕು ಆಸ್ಪತ್ರೆಗಳಿಗೆ ವಿಚಾರಣೆ ಹೋಯಿತು. ಮತ್ತೊಂದು ಫೋನ್ ನಂಬರ್ ಕೊಡಿ ಎಂದಲ್ಲೆಲ್ಲ ಭಾವಮೈದುನ ತನ್ನ ಅಕ್ಕನ, ಅಂದರೆ ರಾಯರ ಹೆಂಡತಿಯ, ನಂಬರ್ ಹಾಕಿದ.

ಮಾರನೆಯ ದಿನದಿಂದಲೇ ಫೋನು ಶುರುವಾಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ರಾಯರು ಎದ್ದು ನಿಂತು ಮಾತಾಡುತ್ತಿದ್ದರು.

"ಈಜುಕೊಳ ಚೌಕ ಬೇಡಪ್ಪ, ಮೂಲೆ ತಗಲುತ್ತೆ. ದುಂಡಗಿರಲಿ. ಅಂಚು ಸ್ವಲ್ಪ ಉಬ್ಬಿರಲಿ... ಬಣ್ಣನಾ? ಬಿಳಿ ಯಾವತ್ತಿದ್ರೂ ಹೋಗುತ್ತೆ."

ಗಿರಾಕಿಗಳು ಚೌಕಾಸಿ ನಿಲ್ಲಿಸಿ ಕೇಳಿಸಿಕೊಂಡರು. ರಾಯರ ಬೆನ್ನು ನೆಟ್ಟಗಾಯಿತು.

ಅದಕ್ಕಿಂತ ಹೆಚ್ಚಿನ ಬದಲಾವಣೆ ಮನೆಯಲ್ಲಿ ಕಂಡಿತು. ಒಂದು ಸಂಜೆ ರಾಯರು ಮರೆತು ಮತ್ತೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದರು. ಹೆಂಡತಿ ಬಂದರು, ಟವೆಲ್ ನೋಡಿದರು, ರಾಯರನ್ನು ನೋಡಿದರು, ಮಾತಿಲ್ಲದೆ ತೆಗೆದುಕೊಂಡು ಹೋಗಿ ಹರವಿದರು. ವೈವಾಹಿಕ ಇತಿಹಾಸದಲ್ಲಿ ಇಂಥ ಘಟನೆ ಅದೇ ಮೊದಲು. ಆಮೇಲೆ ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನೇ ರಾಯರಿಗೆ ಬಿಟ್ಟುಕೊಟ್ಟರು. "ಸುಸ್ತಾಗಿದೆಯಾ?" ಎಂದು ಮೆತ್ತಗೆ ಕೇಳಿದರು. ರಾಯರು ಗಂಭೀರವಾಗಿ, "ಈಗೀಗ ಜವಾಬ್ದಾರಿ ಜಾಸ್ತಿ" ಎಂದರು. ಹೆಂಡತಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಹೆಮ್ಮೆಯ ಕಣ್ಣೀರು ಎಂದುಕೊಂಡರು ರಾಯರು.

ಮೇಷ್ಟ್ರು ಎರಡು ವರ್ಷದ ಹಿಂದೆ ಒಯ್ದಿದ್ದ ಏಣಿಯನ್ನು ಕೇಳದೆಯೇ ತಂದು ಒಪ್ಪಿಸಿದರು. "ಯಾರ ಋಣವೂ ಇಟ್ಟುಕೋಬಾರದು ಅನ್ನಿಸ್ತು" ಎಂದು ತಲೆ ತಗ್ಗಿಸಿದರು. ಬೆಲೆ ಬಂದ ಮನುಷ್ಯನಿಗೆ ಏಣಿ ತಾನಾಗಿ ವಾಪಸು ಬರುತ್ತದೆಂದು ರಾಯರು ಆ ದಿನ ಕಂಡುಕೊಂಡರು.

ಅದೇ ವಾರ ರಾಯರ ಅಕ್ಕ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದರು. ಬಂದವರೇ ತಮ್ಮನ ಗಲ್ಲ ಹಿಡಿದು, "ಲೋ ತಮ್ಮಾ, ಎಷ್ಟು ಇಳಿದುಹೋಗಿದ್ದೀಯೋ!" ಎಂದು ಅತ್ತರು.

"ಏರಿದ್ದೀನಿ ಅಕ್ಕಾ" ಎಂದರು ರಾಯರು ವಿನಯದಿಂದ.

ಅಕ್ಕ ಒಳಗೆ ಹೋಗಿ, "ಜ್ವರವೂ ಏರಿದೆಯಂತಲ್ಲೇ!" ಎಂದು ತಮ್ಮನ ಹೆಂಡತಿಗೆ ಪಿಸುಗುಟ್ಟಿದರು. ಆಕೆ ತುಟಿಯ ಮೇಲೆ ಬೆರಳಿಟ್ಟರು. ವಿಷಯ ಗೊತ್ತಿದೆಯೆಂದು ರಾಯರಿಗೆ ಗೊತ್ತಾಗಬಾರದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆಸ್ಪತ್ರೆಯ ಹುಡುಗಿಯೊಬ್ಬಳು ರಾಯರ ಹೆಂಡತಿಗೆ ಫೋನ್ ಮಾಡಿ, "ಯಜಮಾನರ ಕಾಯಿಲೆ ಯಾವ ಹಂತದಲ್ಲಿದೆ ಮೇಡಂ? ಮೊದಲು ಹೃದಯ ಮಾಡಿಸ್ತೀರೋ ಕಿಡ್ನಿನೋ?" ಎಂದು ಕೇಳಿದ್ದಳು. ಇಷ್ಟೆಲ್ಲ ಕಾಯಿಲೆಯನ್ನು ತನಗೆ ನೋವಾಗದಿರಲೆಂದು ಗಂಡ ಒಬ್ಬರೇ ನುಂಗಿಕೊಂಡಿದ್ದಾರೆಂದು ಆಕೆ ನಂಬಿ, ರಾಯರ ಅಕ್ಕನಿಗೂ ಮಹಡಿಯ ಮೇಷ್ಟ್ರಿಗೂ ಗುಟ್ಟಾಗಿ ಹೇಳಿದ್ದರು. ಗುಟ್ಟಾದ್ದರಿಂದ ಅದು ಪೇಟೆಗೂ ಬೇಗ ಮುಟ್ಟಿತ್ತು.

ಊಟವಾದ ಮೇಲೆ ಅಕ್ಕ ತಮ್ಮನ ತಲೆ ಸವರಿ ಕೇಳಿದರು: "ಅಲ್ವೋ, ಆ ಈಜುಕೊಳದ ಮನೆ ಯಾರ ಹೆಸರಿಗೆ ಮಾಡ್ತೀಯಾ?"

"ಇನ್ನೂ ಯೋಚನೆ ಮಾಡಿಲ್ಲ ಅಕ್ಕ."

"ನಿಧಾನಕ್ಕೆ ಮಾಡು. ಆದ್ರೆ ತುಂಬಾ ನಿಧಾನ ಮಾಡ್ಬೇಡ."

ಹೀಗೆ ಎಲ್ಲ ಕಡೆಯಿಂದ ಗೌರವ ಹರಿದುಬರುತ್ತಿರುವಾಗ ಸಗಟು ವ್ಯಾಪಾರಿಯಿಂದ ಫೋನ್ ಬಂತು. ಶಾಲೆಗಳು ತೆರೆಯುವ ಮುಂಚೆ ಸಮವಸ್ತ್ರದ ಗುಂಡಿಗಳನ್ನು ಪ್ರತಿವರ್ಷ ರಾಯರಿಗೆ ಮೊದಲು ಕಳಿಸುವವರು ಅವರೇ. ಆ ಮಾಲಿನಿಂದಲೇ ಅಂಗಡಿಯ ಇಡೀ ವರ್ಷ ನಡೆಯುತ್ತಿತ್ತು.

"ರಾಯರೇ, ಈ ಸಲ ಮಾಲು ಪಕ್ಕದ ಊರಿನವರಿಗೆ ಕೊಡೋಣ ಅಂತಿದ್ದೀನಿ. ನೀವು ಆರಾಮ ತಗೊಳ್ಳಿ."

"ನಾನು ಆರಾಮಾಗೇ ಇದ್ದೀನಲ್ಲ?"

"ಹಾಗೇ ಧೈರ್ಯವಾಗಿರಿ" ಎಂದು ಸಗಟು ವ್ಯಾಪಾರಿ ಫೋನಿಟ್ಟರು.

ದೊಡ್ಡ ಮನುಷ್ಯರಿಗೆ ಗುಂಡಿ ಕಳಿಸಲು ಸಂಕೋಚವೇನೋ ಎಂದು ರಾಯರು ಸಮಾಧಾನ ಮಾಡಿಕೊಳ್ಳಲು ನೋಡಿದರು. ಆಗಲಿಲ್ಲ. ಖಾಲಿ ಡಬ್ಬಿಗಳನ್ನು ನೋಡುತ್ತ ಕೂತಿದ್ದಾಗ ಮೇಷ್ಟ್ರು ಕಾಗದ ಹಿಡಿದು ಬಂದರು.

"ರಾಯರೇ, ವರ್ತಕರ ಸಂಘದಲ್ಲಿ ನಿಮ್ಮ ಬಗ್ಗೆ ಮಾತಾಡೋಕೆ ನನಗೆ ಹೇಳಿದ್ದಾರೆ. ಒಂದೆರಡು ವಿವರ ಬೇಕಾಗಿತ್ತು."

ಸನ್ಮಾನ! ರಾಯರು ಅಂಗಿ ಸರಿಮಾಡಿಕೊಂಡರು. "ಓದಿ ನೋಡೋಣ."

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "'ರಾಯರು ಸರಳಜೀವಿಯಾಗಿದ್ದರು. ಒಂದು ಗುಂಡಿ ಕೇಳಿದವರಿಗೂ ಬೇಸರಿಸದೆ ಡಬ್ಬಿ ತೆಗೆಯುತ್ತಿದ್ದರು. ಅವರ ನಗು ನಮ್ಮ ಕಣ್ಣಮುಂದೆ ಇನ್ನೂ ಇದೆ.'"

"ಚೆನ್ನಾಗಿದೆ ಮೇಷ್ಟ್ರೇ. ಆದ್ರೆ 'ಇದ್ದರು' ಯಾಕೆ? 'ಇದ್ದಾರೆ' ಅಲ್ವಾ?"

ಮೇಷ್ಟ್ರು ಕಾಗದ ಮಡಿಚಿದರು. "ಓದೋ ಹೊತ್ತಿಗೆ ವ್ಯಾಕರಣ ಸರಿಹೋಗುತ್ತೆ ರಾಯರೇ."

ರಾಯರು ಆ ವಾಕ್ಯವನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಬಳಿಕ ಟವೆಲ್, ಕುರ್ಚಿ, ಏಣಿ, ಅಕ್ಕ, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ರಾಯರು ಅಂಗಡಿಯ ಬಾಗಿಲೂ ಹಾಕದೆ ಸರ್ಕಾರಿ ಕಟ್ಟಡಕ್ಕೆ ಓಡಿದರು. ಈ ಸಲ ಮೆಟ್ಟಿಲಲ್ಲೇ ಹತ್ತಿದರು.

ಸಮಿತಿ ಇನ್ನೂ ಯೋಚಿಸುತ್ತಲೇ ಇತ್ತು. ರಾಯರನ್ನು ಕಂಡು ಲೆಕ್ಕತಜ್ಞ ಎದ್ದು ನಿಂತ. "ಬನ್ನಿ ಬನ್ನಿ! ನಿಮ್ಮದನ್ನ ಮತ್ತೆ ತೆಗೆದು ನೋಡ್ದೆ. ಈಗ ಈ ಕಟ್ಟಡದಲ್ಲಿ ನಿಮ್ಮಷ್ಟು ಬೆಲೆ ಯಾರಿಗೂ ಇಲ್ಲ. ಅಧ್ಯಕ್ಷರಿಗೂ ಇಲ್ಲ!"

ಅಧ್ಯಕ್ಷೆ ಈ ಮಾತಿಗೆ ಯಾವ ಸಂತೋಷವನ್ನೂ ತೋರಲಿಲ್ಲ. ರಾಯರಿಗೆ ಮಾತ್ರ ಎದೆ ಒಂದು ಸಲ ಉಬ್ಬಿತು. ತಕ್ಷಣ ಬಂದ ಕೆಲಸ ನೆನಪಾಯಿತು.

"ಸಾರ್, ಅದೆಲ್ಲ ಸುಳ್ಳು. ನಾನು ಗಟ್ಟಿಯಾಗಿದ್ದೀನಿ ಅಂತ ಒಂದು ಕಾಗದ ಬರೆದುಕೊಡಿ."

"ಸುಳ್ಳು ಅಂತ ಬರೆದ್ರೆ ಬೆಲೆ ಸೊನ್ನೆ ಆಗುತ್ತೆ. ಮೊದಲಿದ್ದಷ್ಟೂ ಸಿಗಲ್ಲ."

ರಾಯರು ಬೆವರು ಒರೆಸಿಕೊಂಡರು. "ಒಂದು ಸಣ್ಣ ಕಾಯಿಲೆ ಉಳಿಸ್ಕೊಂಡ್ರೆ?"

"ಬಿಪಿಗೆಲ್ಲ ಏನೂ ಸಿಗಲ್ಲ. ಎಲ್ಲರಿಗೂ ಇದೆ."

"ಹಾಗಾದ್ರೆ ಸೊನ್ನೆನೇ ಇರಲಿ. ತಿದ್ದಿಬಿಡಿ."

ಅಧ್ಯಕ್ಷೆ ಮುಂದಕ್ಕೆ ಬಾಗಿದರು. "ತಪ್ಪು ಮಾಹಿತಿ ತಿದ್ದಿಸಿಕೊಳ್ಳೋ ಹಕ್ಕು ನಿಮಗೆ ಖಂಡಿತ ಇದೆ. ಕಾಯ್ದೆ ಬಂದ ಮೇಲೆ."

"ಯಾವಾಗ ಬರುತ್ತೆ ಮೇಡಂ?"

ಅಧ್ಯಕ್ಷೆ ಲೆಕ್ಕತಜ್ಞನನ್ನು ನೋಡಿದರು. ಲೆಕ್ಕತಜ್ಞ ಚಾವಣಿ ನೋಡಿದ. "ಬರೋ ಹೊತ್ತಿಗೆ ಇವರ ಕಾಯಿಲೆ ನಿಜವೇ ಆಗಿಬಿಟ್ಟಿದ್ರೆ, ತಿದ್ದೋ ಖರ್ಚೂ ಉಳಿಯುತ್ತೆ" ಎಂದ. ಅಧ್ಯಕ್ಷೆ ಅದನ್ನು ಉಳಿತಾಯದ ಕಾಲಮಿನಲ್ಲಿ ಬರೆದುಕೊಂಡರು.

ರಾಯರು ಬರಿಗೈಯಲ್ಲಿ ಅಂಗಡಿಗೆ ಮರಳಿದರು. ಗಲ್ಲಾದ ಹಿಂದೆ ಹೆಂಡತಿ ಕೂತಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಗುಂಡಿಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದೇ ಗುಂಡಿಯನ್ನು ಬೆಳಕಿಗೆ ಹಿಡಿದು, ಇದು ಅಂಗಿಯದು, ಇದು ಕೋಟಿನದು ಎಂದು ತಮಗೆ ತಾವೇ ಹೇಳಿಕೊಂಡು ಬೇರೆ ಮಾಡುತ್ತಿದ್ದರು. ಕಣ್ಣು ಕೆಂಪಾಗಿತ್ತು. ಎರಡು ಕಡೆ ತಪ್ಪಿದ್ದರು.

"ಏನು ಮಾಡ್ತಿದ್ದೀಯಾ?"

"ಕಲೀತಿದ್ದೀನಿ" ಎಂದರು ಹೆಂಡತಿ ತಲೆಯೆತ್ತದೆ. "ಅಂಗಡಿ ಮುಚ್ಚಬಾರದಲ್ಲ, ನಾಳೆ."

ರಾಯರಿಗೆ ಸುಳ್ಳು ಹೇಳಲು ಸರ್ಕಾರ ಬಿಟ್ಟರೂ ಆ ಕೋಟಿನ ಗುಂಡಿ ಬಿಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಲೆಕ್ಕತಜ್ಞ, ಬೆಲೆ, ಭಾವಮೈದುನ, ಎಲ್ಲವನ್ನೂ ಮೊದಲಿನಿಂದ ಹೇಳಿದರು.

ಹೆಂಡತಿ ಕೈಯಲ್ಲಿದ್ದ ಗುಂಡಿ ಕೆಳಗಿಟ್ಟರು. "ಹೃದಯ?"

"ಅದು ನಿನ್ನ ತಮ್ಮ ಹಾಕಿದ್ದು."

"ಲಿವರ್?"

"ಅದೂ ಅವನೇ."

"ಕಿಡ್ನಿ?"

"ಎರಡೂ ಚೆನ್ನಾಗಿವೆ ಕಣೇ."

ಇದೇ ಸಮಯಕ್ಕೆ ಸಗಟು ವ್ಯಾಪಾರಿ ರೋಗಿಯನ್ನು ನೋಡಿಹೋಗಲೆಂದು ಸೇಬಿನ ಚೀಲ ಹಿಡಿದು ಬಾಗಿಲಿಗೆ ಬಂದರು. ಮುಖದ ಮೇಲೆ ದುಃಖವನ್ನು ಸರಿಯಾಗಿ ಕೂರಿಸಿಕೊಂಡು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ರಾಯರ ಹೆಂಡತಿ ಎದ್ದು ನಿಂತರು.

"ರೀ! ನಿಮಗೆ ಬುದ್ಧಿ ಅನ್ನೋದು ಇದೆಯಾ? ಯಾವನೋ ಅರ್ಧ ಡಜನ್ ಅಂದ ಅಂತ ಇರೋ ಬರೋ ಕಾಯಿಲೆಯೆಲ್ಲ ಮೈಮೇಲೆ ಎಳ್ಕೊಳ್ತಾರಾ? ನಾನಿಲ್ಲಿ ನಿಮ್ಮೆದುರು ಹೇಳೋ ಹಾಗಿಲ್ಲ, ಅಳೋ ಹಾಗಿಲ್ಲ, ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದವರಿಗೆ ವಾರ್ಡು ನಂಬರ್ ಹೇಳ್ತಿದ್ದೀನಿ! ನಿಮ್ಮಕ್ಕ ಅಲ್ಲಿ ಇಲ್ಲದ ಬಂಗಲೆಗೆ ಪರದೆ ಅಳತೆ ಲೆಕ್ಕ ಹಾಕ್ತಾ ಕೂತಿದ್ದಾರೆ! ಆ ಒದ್ದೆ ಟವೆಲ್ ಎತ್ತಿದ್ದೀನಲ್ಲ ನಾನು, ಒಂದು ಮಾತಾಡದೆ, ನಾಲ್ಕು ಸಲ! ನಾಲ್ಕೂ ಸಲದ್ದು ಈಗ ಕೇಳಿಸ್ಕೊಳ್ಳಿ..."

ರಾಯರು ಬಲಗಿವಿಯನ್ನು ಆ ಕಡೆಗೆ ತಿರುಗಿಸಲು ನೋಡಿದರು. ಅವಕಾಶ ಸಿಗಲಿಲ್ಲ.

ಸಗಟು ವ್ಯಾಪಾರಿ ಹೊಸ್ತಿಲಲ್ಲೇ ನಿಂತು ಪೂರ್ತಿ ಗಮನವಿಟ್ಟು ಕೇಳಿದರು. ಅವರಿಗೂ ಮನೆಯಿತ್ತು, ಸಂಸಾರವಿತ್ತು. ಸಾಯಲು ಹೊರಟ ಗಂಡಸಿಗೆ ಯಾವ ಹೆಂಡತಿಯೂ ಹೀಗೆ ಬೈಯುವುದಿಲ್ಲ ಎಂಬುದು ಅವರ ಅನುಭವದ ಮಾತು. ಜೇಬಿನಿಂದ ಫೋನು ತೆಗೆದು ಗೋದಾಮಿಗೆ ಮಾಡಿದರು.

"ಸಮವಸ್ತ್ರದ ಮಾಲು ಪಕ್ಕದ ಊರಿಗೆ ಬೇಡ. ಗುಂಡಿರಾಯರಿಗೇ ಕಳಿಸಿ... ಹೌದು, ಪೂರ್ತಿ ಗುಣವಾಗಿದ್ದಾರೆ... ಡಾಕ್ಟರು ಯಾಕೆ ಬೇಕು? ನೀನೇ ಕೇಳು."

ಫೋನನ್ನು ಅಂಗಡಿಯೊಳಕ್ಕೆ ಚಾಚಿ ಹಿಡಿದರು. ಗೋದಾಮಿನವನು ಸ್ವಲ್ಪ ಹೊತ್ತು ಕೇಳಿ, ಸಾಕು ಸಾರ್, ಈಗಲೇ ಲಾರಿಗೆ ಹಾಕಿಸ್ತೀನಿ ಎಂದ.

ಸಗಟು ವ್ಯಾಪಾರಿ ಮೆಲ್ಲಗೆ ಒಳಗೆ ಬಂದು ಸೇಬಿನ ಚೀಲವನ್ನು ಗಲ್ಲಾದ ಮೇಲೆ, ರಾಯರ ಮುಂದೆ ಇಟ್ಟರು. ಮತ್ತೆ ಯೋಚಿಸಿ, ರೋಗಿಗೆ ತಂದ ಹಣ್ಣಲ್ಲವೇ ಎನ್ನಿಸಿ, ಅದನ್ನು ರಾಯರ ಹೆಂಡತಿಯ ಕಡೆಗೆ ಸರಿಸಿದರು. ಆಕೆ ಮಾತು ನಿಲ್ಲಿಸದೆಯೇ ಚೀಲಕ್ಕೆ ಕೈಹಾಕಿ, ಇದ್ದುದರಲ್ಲಿ ದೊಡ್ಡ ಹಣ್ಣನ್ನು ಆರಿಸಿ, ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟು, ಎರಡನೆಯ ಟವೆಲಿನ ವಿಷಯಕ್ಕೆ ಬಂದರು.